ಅಪ್ಪನ ಪೆಟ್ಟಿಗೆ ತಂಗಿಯ ಪಾಲಾಯಿತು

ಅಪ್ಪ ತನ್ನ ಸ್ಪ್ಯಾನರ್ ಪೆಟ್ಟಿಗೆಯನ್ನು ನನ್ನ ತಂಗಿಗೆ ಕೊಟ್ಟುಬಿಟ್ಟ ಸುದ್ದಿ ನನಗೆ ಗೊತ್ತಾದದ್ದು ಅವಳೇ ಕಳಿಸಿದ ಫೋಟೊದಿಂದ. ನಾನು ಮದರಾಸಿನ ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗ ನೋಡಿಕೊಳ್ಳುತ್ತೇನೆ. ಬೆಳಗಿನ ಪಾಳಿ ಮುಗಿಸಿ, ಕೈಯ ಗ್ರೀಸ್ ಒರೆಸಿಕೊಂಡು ಫೋನ್ ತೆಗೆದರೆ, ಹಳದಿ ಟವೆಲ್ಲಿನ ಮೇಲೆ ಅಪ್ಪನ ಸಾಮಾನುಗಳೆಲ್ಲ ಸಾಲಾಗಿ ಮಲಗಿದ್ದವು. ಕೆಳಗೆ ತಂಗಿ ಬರೆದಿದ್ದಳು: ‘ಅಪ್ಪ ಕೊಟ್ರು. ಇನ್ಮೇಲೆ ನಂದು.’

ಅಪ್ಪ ಇರುವುದು ನನ್ನ ಜೊತೆ, ನುಂಗಂಬಾಕ್ಕಂನ ಹಳೆಯ ಮನೆಯಲ್ಲಿ. ಅಮ್ಮ ತೀರಿಕೊಂಡ ಮೇಲೆ ನಾವಿಬ್ಬರೇ. ನಾನು ಮದುವೆಯಾಗಲಿಲ್ಲ. ತಂಗಿ ತನ್ನ ಗಂಡನ ಜೊತೆ ಶೋಳಿಂಗನಲ್ಲೂರಿನ ಫ್ಲ್ಯಾಟಿನಲ್ಲಿದ್ದಾಳೆ. ಅಲ್ಲೇ ಒಂದು ಕಂಪನಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಅವಳು ಅಂದು ರಜೆ ಹಾಕಿ ಅಪ್ಪನನ್ನು ನೋಡಲು ಬಂದವಳು, ಹೋಗುವಾಗ ಆಟೊದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೋಗಿದ್ದಳು. ಮನೆಗೆ ಬಂದು ನೋಡಿದರೆ ಅಪ್ಪನ ಮಂಚದ ಕೆಳಗೆ ಧೂಳು ಕೂರದ ಒಂದು ಚೌಕ ಮಾತ್ರ ಉಳಿದಿತ್ತು.

“ಪೆಟ್ಟಿಗೆ ಕೊಟ್ಯಂತೆ” ಎಂದೆ.

“ಹೂಂ ಕಣವ್ವ. ಅವಳು ಅದ್ಯಾವುದೋ ಹಳೇ ಮೊಪೆಡ್ ತಗೊಂಡವ್ಳಂತೆ. ತಾನೇ ರಿಪೇರಿ ಮಾಡ್ಬೇಕು ಅಂತ ಆಸೆ. ಕೈಯಾಗೆ ಒಂದು ತಿರುಪುಳಿನೂ ಇಲ್ಲ. ನಿನಗೇನು, ಫ್ಯಾಕ್ಟರಿ ತುಂಬ ಐತೆ.”

ತಿರುಪುಳಿ ಎಂದರೆ ಸ್ಕ್ರೂಡ್ರೈವರ್. ತುಮಕೂರು ಕಡೆಯಿಂದ ಹರೆಯದಲ್ಲೇ ಮದರಾಸಿಗೆ ಬಂದು, ನೆಂಟರೊಬ್ಬರ ಪಂಪ್‌ಸೆಟ್ ಅಂಗಡಿಯಲ್ಲಿ ನಿಂತು, ಆಮೇಲೆ ತನ್ನದೇ ಅಂಗಡಿ ನಡೆಸಿದ ಅಪ್ಪನ ಕನ್ನಡದಲ್ಲಿ ಇಂಥ ತಮಿಳು ಪದಗಳು ಬೇಳೆಯಲ್ಲಿ ಒಗ್ಗರಣೆ ಬೆರೆತ ಹಾಗೆ ಬೆರೆತುಹೋಗಿವೆ. ಅಪ್ಪ ಪಂಪು ಮಾರುತ್ತಿದ್ದ, ಮಾರಿದ್ದನ್ನು ತಾನೇ ಹೋಗಿ ರಿಪೇರಿಯೂ ಮಾಡುತ್ತಿದ್ದ. ಅಂಗಡಿ ಮುಚ್ಚಿದ ಮೇಲೂ ಪೆಟ್ಟಿಗೆಯನ್ನು ಬಿಟ್ಟಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ಸಕ್ಕರೆ ಕಾಯಿಲೆ ಹತೋಟಿಗೆ ಬರುವ ತನಕ ಆಪರೇಷನ್ ಬೇಡ ಎಂದು ಡಾಕ್ಟರು ಮುಂದಕ್ಕೆ ಹಾಕುತ್ತ ಬಂದಾಗ, ಇನ್ನು ತನಗೆ ಕಾಣುವುದಿಲ್ಲ ಎಂದು ಅವನೇ ತೀರ್ಮಾನಿಸಿಬಿಟ್ಟಿದ್ದ. ಅದಕ್ಕೇ ಕೊಟ್ಟಿದ್ದು.

“ನನ್ನನ್ನ ಒಂದು ಮಾತು ಕೇಳ್ಬೋದಿತ್ತು” ಎಂದೆ.

“ಕೇಳೋದೇನೈತೆ ಅದ್ರಾಗೆ?” ಎಂದ ಅಪ್ಪ. ಅವನಿಗೆ ನಿಜವಾಗಿಯೂ ಗೊತ್ತಾಗಲಿಲ್ಲ.

ನಾನು ಮೆಕ್ಯಾನಿಕಲ್ ಓದಿದ್ದು ಆ ಪೆಟ್ಟಿಗೆಯಿಂದಾಗಿ. ಮುಚ್ಚಳ ತೆಗೆದರೆ ಎರಡೂ ಕಡೆ ಮೆಟ್ಟಿಲಿನಂತೆ ಬಿಚ್ಚಿಕೊಳ್ಳುವ ಕಬ್ಬಿಣದ ಪೆಟ್ಟಿಗೆ ಅದು. ಮೇಲಿನ ತಟ್ಟೆಯಲ್ಲಿ ಫೀಲರ್ ಗೇಜ್: ಬೀಸಣಿಗೆಯಂತೆ ಬಿಚ್ಚುವ ತೆಳ್ಳನೆಯ ಉಕ್ಕಿನ ಎಲೆಗಳು, ಎರಡು ಲೋಹಗಳ ನಡುವಿನ ಸಂದು ಅಳೆಯುವುದಕ್ಕೆ. ಅದರ ಪಕ್ಕ ಮರದ ಹಿಡಿಯ ದೊಡ್ಡ ಸ್ಕ್ರೂಡ್ರೈವರ್. ಅದರ ಕಂಬಿ ದುಂಡಗಿಲ್ಲ, ಚೌಕ. ಸ್ಕ್ರೂ ಹಠ ಹಿಡಿದರೆ ಕಂಬಿಗೇ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ಕೆಳಗಿನ ತಟ್ಟೆಯಲ್ಲಿ ರಿಂಗ್ ಸ್ಪ್ಯಾನರುಗಳು. ಅವುಗಳಲ್ಲಿ ಹದಿನಾಲ್ಕು-ಹದಿನೈದು ಮಿಲಿಮೀಟರ್ ಅಳತೆಯದನ್ನು ಅಪ್ಪ ಸಾಣೆಕಲ್ಲಿಗೆ ಹಿಡಿದು ತೆಳ್ಳಗೆ ಮಾಡಿದ್ದ, ಪಂಪಿನ ಒಂದು ಇಕ್ಕಟ್ಟಿನ ಬೋಲ್ಟಿಗೆ ಬೇರೆ ಯಾವುದೂ ಹೋಗುತ್ತಿರಲಿಲ್ಲವೆಂದು. ಹಳೆಯ ರೇಡಿಯೊದ ಉದ್ದುದ್ದ ಎಳೆಯುವ ಆಂಟೆನಾ ತುದಿಗೆ ಆಯಸ್ಕಾಂತ ಅಂಟಿಸಿದ ಒಂದು ಕಡ್ಡಿ ಇತ್ತು. ಯಂತ್ರದೊಳಗೆ ಬಿದ್ದ ನಟ್ಟನ್ನು ಎತ್ತುವುದಕ್ಕೆ. ಕಾರ್ಖಾನೆಯಲ್ಲಿ ನನಗೆ ಇವೆಲ್ಲವುಗಳ ಹೊಸ ರೂಪಗಳಿವೆ, ಹೊಳೆಯುವ ವಿದೇಶಿ ಮಾಲು. ಆದರೂ ಕೆಲಸ ಬಿಗಿಯಾದಾಗ ನನ್ನ ಬೆರಳಿಗೆ ನೆನಪಾಗುವುದು ಆ ತೆಳ್ಳನೆಯ ಹದಿನಾಲ್ಕು-ಹದಿನೈದೇ.

ಮುಂದಿನ ಭಾನುವಾರ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ತಂಗಿಯ ಮನೆಗೆ ಹೋದೆ. ‘ಪೆಟ್ಟಿಗೆ ಹೆಂಗೈತೋ’ ಎಂದು ಹೊರಟದ್ದು ಅಪ್ಪ. ನೋಡುವ ಸಂಕಟ ನನ್ನದು. ಅವಳ ಫ್ಲ್ಯಾಟಿನ ಕೆಳಗೆ, ಕಂಬಗಳ ನಡುವಿನ ಪಾರ್ಕಿಂಗಿನಲ್ಲಿ ಮೊಪೆಡ್ ನಿಂತಿತ್ತು. ಅದರ ಹಿಂದಿನ ಗೋಡೆಗೆ ತೂತುಗಳಿರುವ ಹಲಗೆ ಹೊಡೆಸಿ, ಅಪ್ಪನ ಒಂದೊಂದು ಸಾಮಾನನ್ನೂ ಕೊಕ್ಕೆಗೆ ನೇತುಹಾಕಿದ್ದಳು. ಪ್ರತಿಯೊಂದರ ಸುತ್ತಲೂ ಬಿಳಿ ಬಣ್ಣದಲ್ಲಿ ಅದರದೇ ಆಕಾರ ಬರೆದಿದ್ದಳು, ತೆಗೆದದ್ದು ವಾಪಸು ಬಂತೋ ಇಲ್ಲವೋ ತಿಳಿಯಲೆಂದು. ಅದಕ್ಕಿಂತ ಹೆಚ್ಚಾಗಿ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು ಇನ್ನೊಂದು: ಸ್ಪ್ಯಾನರುಗಳ ಕುತ್ತಿಗೆಗೆಲ್ಲ ಉಗುರುಬಣ್ಣದ ಪಟ್ಟಿ ಬಳಿದಿದ್ದಳು. ಹತ್ತಕ್ಕೆ ಕೆಂಪು, ಹನ್ನೆರಡಕ್ಕೆ ಹಸಿರು, ಹದಿನಾಲ್ಕಕ್ಕೆ ನವಿಲುಬಣ್ಣ.

“ಇದೇನೇ ಇದು, ಮದುವೆ ಹೆಣ್ಣಿನ ಹಾಗೆ?” ಎಂದೆ.

“ನಂಬರ್ ಅಳಿಸಿಹೋಗಿದೆ ಅಕ್ಕಾ. ಕಲರ್ ಇದ್ರೆ ಈಸಿ ಅಲ್ವಾ?”

ಅಪ್ಪ ಹಲಗೆಯ ಹತ್ತಿರ ಮೂಗು ತಾಗುವಷ್ಟು ಹೋಗಿ ನಿಂತ. ಕೆಂಪನ್ನು ಮುಟ್ಟಿದ, ಹಸಿರನ್ನು ಮುಟ್ಟಿದ. “ಓ, ಇದು ನನಗೂ ಕಾಣ್ತೈತೆ” ಎಂದ. ಮುಖ ಅರಳಿಹೋಗಿತ್ತು. “ನಂಬರು ಕಾಣದೆ ಎಷ್ಟು ಕಾಲ ಆಗಿತ್ತು. ಒಳ್ಳೇ ತಲೆ ಓಡ್ಸಿದೀಯವ್ವ.”

ಅಪ್ಪ ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೇ ಸ್ಪ್ಯಾನರ್ ತಡಕಾಡುತ್ತಿದ್ದಾಗ ನನಗೇಕೆ ಇದು ಹೊಳೆಯಲಿಲ್ಲ? ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ.

ಅಂದು ಮೊಪೆಡ್ಡಿನ ಸೈಲೆನ್ಸರ್ ಬಿಚ್ಚಬೇಕಿತ್ತು. ನಟ್ಟು ಮಸಿ, ತುಕ್ಕು ಎಲ್ಲ ಸೇರಿ ಕಚ್ಚಿಕೊಂಡಿತ್ತು. ತಂಗಿ ಬಾಯಿ ತೆರೆದ ಸ್ಪ್ಯಾನರ್ ಹಾಕಿ ಎಳೆದಳು. ಅದು ಜಾರಿತು. ನಾನು ಕೈ ಚಾಚಿದೆ, “ಕೊಡು ಇಲ್ಲಿ” ಎಂದು.

“ನೀನು ಬೆಳಕು ಹಿಡಿ” ಎಂದ ಅಪ್ಪ ನನಗೆ.

ನಾನು ಟಾರ್ಚ್ ಹಿಡಿದು ನಿಂತೆ. ಕಾರ್ಖಾನೆಯಲ್ಲಿ ನಾನು ನಿಂತಲ್ಲಿ ಬೇರೆಯವರು ಬೆಳಕು ಹಿಡಿಯುತ್ತಾರೆ.

ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಿವಿ ಕೊಟ್ಟು ಕೇಳುತ್ತಿದ್ದ. “ಈಗ ಬಂತಲ್ಲ ಸದ್ದು, ಅದು ನಟ್ಟು ತಿರುಗಿದ್ದಲ್ಲ ಮಗಾ, ಸ್ಪ್ಯಾನರ್ ಜಾರಿದ್ದು. ಮೂಲೆ ಸವೆದುಹೋದ್ರೆ ಆಮೇಲೆ ಉಳಿ ಹಾಕಿ ಒಡೀಬೇಕಾಗ್ತೈತೆ. ರಿಂಗ್ ಹಾಕು. ಅದು ಸುತ್ತಲೂ ಹಿಡ್ಕೊಳ್ತೈತೆ.”

“ರಿಂಗ್ ಅಂದ್ರೆ ಈ ಬಳೆ ಥರ ಇರೋದಾ ಅಪ್ಪಾ?”

“ಅದೇ. ಹಾಕಿದೆಯಾ? ಎಳೀಬೇಡ ಈಗ್ಲೇ. ಮೊದ್ಲು ಸುತ್ತಿಗೆ ತಗೊಂಡು ನಟ್ಟಿನ ತಲೆಗೆ ಮೆತ್ತಗೆ ತಟ್ಟು. ನಿದ್ದೆ ಎಬ್ಬಿಸೋ ಹಾಗೆ.”

ತಂಗಿ ತಟ್ಟಿದಳು. ಸ್ಪ್ಯಾನರ್ ಹಾಕಿ, ಕಾಲು ಅಗಲಿಸಿ ನಿಂತು ಎಳೆದಳು. ಟಕ್ಕೆಂದು ಸಡಿಲವಾಯಿತು. “ಬಂದ್ಬಿಡ್ತು, ಬಂದ್ಬಿಡ್ತು” ಎಂದು ಅವಳು ಅಪ್ಪನ ಹೆಗಲು ಹಿಡಿದಳು. ಅವನ ಬಿಳಿ ಅಂಗಿಯ ಮೇಲೆ ಐದು ಬೆರಳಿನ ಮಸಿ ಮೂಡಿತು. ಅಪ್ಪ ಅದನ್ನು ಒರೆಸಿಕೊಳ್ಳಲೂ ಇಲ್ಲ. ಆ ಮಸಿಯ ಮೇಲೂ ನನಗೆ ಹೊಟ್ಟೆಕಿಚ್ಚು ಬಂತು. ವಾಷಿಂಗ್ ಮೆಷಿನ್ನಿಗೆ ಹಾಕುವ ಮುಂಚೆ ಅದನ್ನು ಸೋಪು ಹಚ್ಚಿ ಉಜ್ಜಬೇಕಾದವಳು ನಾನು.

ವಾಪಸು ಬರುವಾಗ ಒಂದು ಸಿಗ್ನಲ್ಲಿನಲ್ಲಿ ಕ್ಯಾಬುಗಳ ಸಾಲಿನ ನಡುವೆ ನಿಂತಿದ್ದೆವು. ನಾನು ತಿರುಗದೆಯೇ ಕೇಳಿದೆ.

“ಅಪ್ಪಾ, ನಿಜ ಹೇಳು. ಅವಳಿಗೇ ಯಾಕೆ ಕೊಟ್ಟೆ? ಇಷ್ಟು ವರ್ಷದಿಂದ ಆ ಕೆಲಸ ಮಾಡ್ತಿರೋಳು ನಾನು.”

ಹಸಿರು ದೀಪ ಬಿದ್ದು ಗಾಡಿ ಹೊರಟಿತು. ಆಮೇಲೆ ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ: “ನಿನ್ನ ಕೈಗೆ ಸ್ಪ್ಯಾನರ್ ಕೊಟ್ರೆ ನೀನು ಕೆಲಸ ಮುಗಿಸ್ಬಿಡ್ತೀಯ ಕಣವ್ವ. ಆಮೇಲೆ ನಾನೇನು ಮಾಡ್ಲಿ?”

ಮನೆ ತಲುಪಿ ಗಾಡಿ ನಿಲ್ಲಿಸುವ ತನಕ ಆ ಮಾತು ಬೆನ್ನಿಗಂಟಿಕೊಂಡೇ ಬಂತು. ಅದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಸಿಗದ್ದಕ್ಕೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಏನೂ ಬಾರದಿರುವುದೇ ಅವಳ ಪುಣ್ಯವಾಗಿತ್ತು.

ಹಲವು ಭಾನುವಾರಗಳು ಹೀಗೇ ಹೋದವು. ಅಪ್ಪ ಶನಿವಾರವೇ ಅಂಗಿ ತೆಗೆದಿಡುತ್ತಿದ್ದ. ನಾನು ಕರೆದುಕೊಂಡು ಹೋಗಿ, ಬೆಳಕು ಹಿಡಿದು, ಕರೆದುಕೊಂಡು ಬರುತ್ತಿದ್ದೆ. ತಂಗಿಯ ಕೈ ಪಳಗುತ್ತ ಬಂತು. ಈಗ ಸ್ಪ್ಯಾನರನ್ನು ತನ್ನ ಕಡೆಗೆ ಎಳೆಯಬೇಕು, ದೂರಕ್ಕೆ ದೂಡಬಾರದು, ಇಲ್ಲದಿದ್ದರೆ ಗೆಣ್ಣು ಕಿತ್ತುಹೋಗುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತು. ನನಗೂ ಅಪ್ಪನೇ ಅದನ್ನು ಹೇಳಿಕೊಟ್ಟದ್ದು. ಹೇಳುವಾಗ ಇಷ್ಟು ಮೆತ್ತಗೆ ಹೇಳಿದ್ದನೇ? ನೆನಪು ಬರುವುದಿಲ್ಲ.

ಅಷ್ಟರಲ್ಲಿ ಸಕ್ಕರೆ ಹತೋಟಿಗೆ ಬಂದು ಅಪ್ಪನ ಕಣ್ಣಿನ ಆಪರೇಷನ್ ಆಯಿತು. ಮೊದಲು ಒಂದು ಕಣ್ಣು, ಸ್ವಲ್ಪ ದಿನ ಬಿಟ್ಟು ಇನ್ನೊಂದು. ಕಪ್ಪು ಕನ್ನಡಕ ತೆಗೆದ ದಿನ ಅವನು ಮನೆಯೆಲ್ಲ ಸುತ್ತಿ ನೋಡಿದ. “ಅಡುಗೆಮನೆ ಗೋಡೆ ಇಷ್ಟು ಎಣ್ಣೆ ಕುಡಿದೈತಾ?” ಎಂದ. ನನ್ನ ಮುಖವನ್ನು ಬಹಳ ಹೊತ್ತು ನೋಡಿ, “ನಿನಗೂ ಕೂದಲು ಬೆಳ್ಳಗಾಗೈತಲ್ಲವ್ವ” ಎಂದು ತಲೆ ಸವರಿದ. ಮಾರನೆಯ ದಿನದಿಂದ ಅವನ ಕೈ ಸುಮ್ಮನಿರಲಿಲ್ಲ. ಕಿಟಕಿಯ ತಿರುಪನ್ನು ತರಕಾರಿ ಹೆಚ್ಚುವ ಚಾಕುವಿನಿಂದ ಬಿಗಿ ಮಾಡಿ ಅದರ ತುದಿ ಮುರಿದ. ನನ್ನದೊಂದು ಸ್ಪ್ಯಾನರ್ ಸೆಟ್ ಕೊಟ್ಟೆ. ಎರಡು ದಿನ ಉಪಯೋಗಿಸಿ, “ಚೆನ್ನಾಗೈತೆ, ಆದ್ರೆ ಕೈಗೆ ಜಾರ್ತೈತೆ” ಎಂದು ಒರೆಸಿ ವಾಪಸು ಕೊಟ್ಟ. ಆ ಭಾನುವಾರ ಬೆಳಿಗ್ಗೆ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದ.

ತಂಗಿಯ ಪಾರ್ಕಿಂಗಿನಲ್ಲಿ ಹಲಗೆಯ ಮುಂದೆ ಕೈಕಟ್ಟಿ ನಿಂತು, ಏನೋ ಅಷ್ಟೇನೂ ಮುಖ್ಯವಲ್ಲದ್ದನ್ನು ಕೇಳುವವನ ಹಾಗೆ ಕೇಳಿದ: “ನನಗೀಗ ಕಾಣ್ತೈತೆ ಮಗಾ. ಪೆಟ್ಟಿಗೆ ಮನೆಗೆ ತಗೊಂಡ್ ಹೋಗ್ಲಾ?”

ತಂಗಿಯ ಕೈಯಲ್ಲಿ ಉದ್ದ ಮೂತಿಯ ಇಕ್ಕಳ ಇತ್ತು. ಅವಳು ಅದನ್ನು ಬಿಗಿಯಾಗಿ ಹಿಡಿದದ್ದು ನನಗೆ ಕಾಣಿಸಿತು.

“ಅಪ್ಪಾ, ನೀನೇ ಕೊಟ್ಟಿದ್ದಲ್ವಾ?”

“ಹೂಂ. ಕೊಟ್ಟಿದ್ದೆ.”

“ನಾನು ಇದೆಲ್ಲ ಸೆಟ್ ಮಾಡ್ಕೊಂಡೆ ಅಪ್ಪಾ. ಗಾಡಿ ಅರ್ಧ ಬಿಚ್ಚಿದೆ ನೋಡು. ನಿಂಗೆ ಯಾವಾಗ ಬೇಕೋ ಬಂದು ಯೂಸ್ ಮಾಡು, ಸರಿಯಾ? ಇಲ್ಲೇ ಇರತ್ತೆ.”

“ಸರಿ ಸರಿ. ಸುಮ್ನೆ ಕೇಳ್ದೆ ಅಷ್ಟೆ.”

ನನಗೆ ಒಳಗೊಳಗೇ ಒಂದು ಖುಷಿಯಾಯಿತು. ಬೇಕಿತ್ತು ಇವನಿಗೆ ಎನ್ನುವಂಥ ಖುಷಿ. ಅದು ಬಹಳ ಹೊತ್ತು ನಿಲ್ಲಲಿಲ್ಲ. ಅಪ್ಪ ಮೊಪೆಡ್ಡಿನ ಒಂದು ಬೋಲ್ಟ್ ಬಿಗಿ ಮಾಡಿ, ಸ್ಪ್ಯಾನರನ್ನು ಹಲಗೆಗೆ ನೇತುಹಾಕಿ ಬಂದು ಕುರ್ಚಿಯಲ್ಲಿ ಕೂತ. ತಂಗಿ ಹಿಂದಿನಿಂದ ಹೋಗಿ ನೋಡಿ, “ಅಪ್ಪಾ, ಹನ್ನೆರಡರದ್ದು ಅಲ್ಲಲ್ಲ, ಇಲ್ಲಿ” ಎಂದು ಅದನ್ನು ತೆಗೆದು ಅದರ ಬಿಳಿಗೆರೆಯೊಳಗೆ ಸರಿಯಾಗಿ ಕೂರಿಸಿದಳು. ಅಪ್ಪ ಹೊಸದಾಗಿ ಕಾಣತೊಡಗಿದ್ದ ಕಣ್ಣಿನಿಂದ ತನ್ನದೇ ಸ್ಪ್ಯಾನರ್ ಮೇಲೆ ಅವಳ ಬೆರಳು ಆಡುವುದನ್ನು ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಇಷ್ಟು ದಿನ ಟಾರ್ಚ್ ಹಿಡಿದುಕೊಂಡು ನಾನು ನೋಡುತ್ತಿದ್ದದ್ದೂ ಹೀಗೇ.

“ನಾಳೆ ನನಗೆ ರಜಾ ಇದೆ. ಬ್ರಾಡ್‌ವೇಗೆ ಹೋಗೋಣ. ನಿಂಗೆ ಬೇರೆ ತಗೊಳ್ಳೋಣ” ಎಂದೆ ಮನೆಗೆ ಬಂದ ಮೇಲೆ.

“ಈ ವಯಸ್ಸಲ್ಲಿ ನನಗ್ಯಾಕೆ ಹೊಸದು?” ಎಂದ. ಮರುದಿನ ಬೆಳಿಗ್ಗೆ ಜೇಬಿನಲ್ಲಿ ಹಳೆಯದೊಂದು ಬೋಲ್ಟ್ ಹಾಕಿಕೊಂಡು ಸಿದ್ಧನಾಗಿದ್ದ.

ಬ್ರಾಡ್‌ವೇ ಪಕ್ಕದ ಗಲ್ಲಿಯಲ್ಲಿ ಸಾಮಾನಿನ ಅಂಗಡಿಗಳು ಒಂದಕ್ಕೊಂದು ಒರಗಿಕೊಂಡಿವೆ. ಒಂದು ಅಂಗಡಿಯಲ್ಲಿ, ಹಣೆಗೆ ವಿಭೂತಿ ಇಟ್ಟುಕೊಂಡಿದ್ದ ಮಾಲೀಕ ನಮ್ಮ ಮುಂದೆ ದೊಡ್ಡದೊಂದು ಪ್ಲಾಸ್ಟಿಕ್ ಸೂಟ್‌ಕೇಸ್ ತೆರೆದ. ಎಲ್ಲವೂ ಗೂಡುಗೂಡಾಗಿ ಹೊಳೆಯುತ್ತಿದ್ದವು. “ಐಯಾ, ಇದುಲ ಎಲ್ಲಾಮೇ ಇರುಕ್ಕು” ಎಂದ. ಇದರಲ್ಲಿ ಎಲ್ಲವೂ ಇದೆ ಎಂದು.

“ಎಲ್ಲಾ ಇರೋದೇ ಬೇಡ” ಎಂದು ಅಪ್ಪ ನನಗೆ ಕನ್ನಡದಲ್ಲಿ ಹೇಳಿದ. “ಸೆಟ್ ತಗೊಂಡ್ರೆ ಅರ್ಧಕ್ಕರ್ಧ ಗೂಡಲ್ಲೇ ತುಕ್ಕು ಹಿಡೀತವೆ. ಕೈ ಯಾವುದನ್ನ ಕೇಳ್ತದೋ ಅದನ್ನ ಮಾತ್ರ ತಗೋಬೇಕು.”

ಆಮೇಲೆ ಒಂದೊಂದಾಗಿ ಆರಿಸತೊಡಗಿದ. ಕಟಿಂಗ್ ಪ್ಲೈಯರ್ ತೆಗೆದು ಬಾಯಿ ಮುಚ್ಚಿ, ಬಾಗಿಲ ಬೆಳಕಿಗೆ ಹಿಡಿದ. ದವಡೆಗಳ ನಡುವೆ ಬೆಳಕಿನ ಎಳೆ ಕಂಡರೆ ಬದಿಗಿಟ್ಟ. ಮೂರನೆಯದೋ ನಾಲ್ಕನೆಯದೋ ಬೆಳಕನ್ನು ಪೂರ್ತಿ ಮುಚ್ಚಿತು, ಅದನ್ನು ತನ್ನ ಕಡೆ ಎಳೆದುಕೊಂಡ. ರಿಂಗ್ ಸ್ಪ್ಯಾನರನ್ನು ಜೇಬಿನ ಬೋಲ್ಟಿಗೆ ಹಾಕಿ ಅಲ್ಲಾಡಿಸಿದ. ಗಲಗಲ ಎಂದದ್ದನ್ನು ವಾಪಸು ಕೊಟ್ಟ. ಸುತ್ತಿಗೆಯ ಹಿಡಿಯನ್ನು ಒಂದು ಬೆರಳಿನ ಮೇಲೆ ತೂಗಿಸಿ ತಲೆ ಎಷ್ಟು ಭಾರ ನೋಡಿದ. ಸ್ಕ್ರೂಡ್ರೈವರಿನ ತುದಿಯನ್ನು ಉಗುರಿನಿಂದ ಸವರಿದ. ನಾನೂ ಆರಿಸುತ್ತಿದ್ದೆ. ಕಾರ್ಖಾನೆಗೆ ಸಾಮಾನು ತರಿಸುವವಳು ನಾನೇ ಆದರೂ ಹೀಗೆ ಬೋಲ್ಟ್ ಇಟ್ಟುಕೊಂಡು ಹೋಗಿ ನೋಡಿದವಳಲ್ಲ. ಅಪ್ಪ ಬದಿಗಿಟ್ಟದ್ದನ್ನು ನಾನು ಎತ್ತಿಕೊಂಡರೆ “ಹೂಂಹೂಂ” ಎನ್ನುತ್ತಿದ್ದ; ನಾನು ಹಿಡಿದು ಚೆನ್ನಾಗಿದೆ ಅಂದದ್ದನ್ನು ಮತ್ತೊಮ್ಮೆ ತಾನು ಹಿಡಿದು ನೋಡುತ್ತಿದ್ದ. ಒಮ್ಮೆ ಅವನು ಮೆಚ್ಚಿದ ಅರದ ಹಲ್ಲು ಒಂದು ಕಡೆ ಮೊಂಡಾಗಿರುವುದನ್ನು ನಾನು ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ಹೌದಲ್ಲವಾ” ಎಂದು ಅದನ್ನು ಬಿಟ್ಟ.

ಮೂಲೆಯ ಖಾನೆಯಲ್ಲಿ ಧೂಳು ಹಿಡಿದ ಒಂದು ಚಿಕ್ಕ ರ್‍ಯಾಚೆಟ್ ನನ್ನ ಕಣ್ಣಿಗೆ ಬಿತ್ತು. ಟೊಪ್ಪಿಯಂತೆ ನಟ್ಟಿನ ಮೇಲೆ ಕೂರುವ ಸಾಕೆಟ್ ಸಿಕ್ಕಿಸಿಕೊಂಡು ಹಿಂದೆ ಮುಂದೆ ಆಡಿಸಿದರೆ ಟಿಕಟಿಕ ಎನ್ನುತ್ತ ಒಂದೇ ದಿಕ್ಕಿಗೆ ತಿರುಗಿಸುವ ಹಿಡಿ ಅದು. ಅಂಗೈಯೊಳಗೆ ಮುಚ್ಚಿಹೋಗುವಷ್ಟು ಗಿಡ್ಡ. ಒಳಗಿನ ಹಲ್ಲು ಎಷ್ಟು ಸಣ್ಣವೆಂದರೆ ಮಣಿಕಟ್ಟು ಸ್ವಲ್ಪ ಕದಲಿದರೂ ಹಿಡಿದುಕೊಳ್ಳುತ್ತಿತ್ತು. ಗೋಡೆಗಂಟಿದ ಯಂತ್ರಗಳ ಹಿಂದೆ ಕೈ ತೂರಿಸಿ ಎಷ್ಟು ಸಲ ಇಂಥದ್ದೊಂದು ಬೇಕು ಅಂದುಕೊಂಡಿದ್ದೆನೋ. ಇನ್ನೊಂದು ಇದೆಯೇ ಎಂದು ಕೇಳಿದೆ. ಮಾಲೀಕ ತಲೆಯಾಡಿಸಿದ, ಹಳೆಯ ಸ್ಟಾಕು, ಇದೊಂದೇ ಉಳಿದದ್ದು.

“ಏನದು, ನೋಡಾಣ” ಎಂದು ಅಪ್ಪ ಕೈ ಚಾಚಿದ. ಕೊಟ್ಟೆ. ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಮತ್ತೆ ತಿರುಗಿಸಿದ. ಅವನ ತುಟಿಯ ಅಂಚಿನಲ್ಲಿ ನಗು ಬಂತು. ನನಗೆ ವಾಪಸು ಕೊಡಲಿಲ್ಲ. ತನ್ನ ಗುಡ್ಡೆಯ ಮೇಲೆ ಇಟ್ಟು, “ಇಷ್ಟು ಸಾಕು, ಕಟ್ಟಪ್ಪಾ” ಎಂದ ತಮಿಳಿನಲ್ಲಿ.

ಮನೆಯವರೆಗೂ ಆ ಚೀಲ ಅವನ ತೊಡೆಯ ಮೇಲೇ ಇತ್ತು. ಹಾಗೆ ನೋಡಿದರೆ ನಾನು ಕೊಡಿಸಿದ್ದು, ನಾನು ಸಂತೋಷಪಡಬೇಕಾದದ್ದು. ರ್‍ಯಾಚೆಟ್ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಅಪ್ಪ ಊಟವಾದ ಮೇಲೆ ಅದನ್ನು ತೆಗೆದು ಟಿಕಟಿಕ ಎನ್ನಿಸುವುದು, ಪಕ್ಕದ ಕೋಣೆಯಲ್ಲಿ ನಾನು ಕೇಳಿಸಿಕೊಳ್ಳುವುದು, ಇದು ದಿನಾ ನಡೆಯತೊಡಗಿತು.

ಒಂದು ಬೆಳಿಗ್ಗೆ ನಮ್ಮ ಸಂಪಿನ ಮೋಟರ್ ನೀರೆತ್ತದೆ ಗುಯ್‌ಗುಡುತ್ತ ನಿಂತುಬಿಟ್ಟಿತು. ಮೋಟರನ್ನು ಗೋಡೆಗೆ ಎಷ್ಟು ಒತ್ತಿ ಕೂರಿಸಿದ್ದಾರೆಂದರೆ ಹಿಂದಿನ ಬೋಲ್ಟಿಗೆ ನನ್ನ ಯಾವ ಸ್ಪ್ಯಾನರೂ ಹೋಗಲಿಲ್ಲ. ಅಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ, ಕಾಲ ಬಳಿ ಹೊಸ ಚೀಲ.

“ಅಪ್ಪಾ, ಆ ಚಿಕ್ಕದನ್ನ ಕೊಡ್ತೀಯಾ?”

“ಯಾವುದು?” ಎಂದ, ಗೊತ್ತಿದ್ದೂ.

“ಅದೇ, ಟಿಕಟಿಕ.”

ಕೊಟ್ಟ. ಕೊಟ್ಟು ಸುಮ್ಮನೆ ಕೂರಲಿಲ್ಲ. “ಸಾಕೆಟ್ ಪೂರ್ತಿ ಕೂತಿತಾ ಬೆರಳಲ್ಲಿ ನೋಡ್ಕೋ. ಹಾಂ, ಈಗ ಅರ್ಧ ಅರ್ಧ ಆಡ್ಸು. ಅವಸರ ಮಾಡ್ಬೇಡ.” ನನಗೆ ಗೊತ್ತಿರುವುದೇ. ಆದರೂ “ಹೀಗಾ ಅಪ್ಪಾ?” ಎಂದೆ. “ಹಂಗೇ” ಎಂದ. ಬೋಲ್ಟ್ ಬಂತು. ಮುಂದಿನದಕ್ಕೆ ಕೈ ಹಾಕುವಷ್ಟರಲ್ಲಿ ಅಪ್ಪನ ಫೋನ್ ರಿಂಗಾಯಿತು. ತಂಗಿಯ ವೀಡಿಯೊ ಕಾಲ್. ಮೊಪೆಡ್ಡಿನ ಕಾರ್ಬುರೇಟರಿನಿಂದ ಪೆಟ್ರೋಲು ಸೋರುತ್ತಿದೆಯಂತೆ.

ಅಪ್ಪ ಕುರ್ಚಿ ಬಿಟ್ಟೆದ್ದು, ಫೋನನ್ನು ಮುಖದ ಮುಂದೆ ಹಿಡಿದು ಅಂಗಳದ ಆ ತುದಿಗೆ ಹೋದ. ನಾನು ಒದ್ದೆ ನೆಲದಲ್ಲಿ ಒಬ್ಬಳೇ ಕೂತು ಉಳಿದ ಬೋಲ್ಟುಗಳನ್ನು ಬಿಚ್ಚಿದೆ. ಪಂಪಿನ ರೆಕ್ಕೆಗೆ ಪ್ಲಾಸ್ಟಿಕ್ ಕವರಿನ ತುಂಡೊಂದು ಸುತ್ತಿಕೊಂಡಿತ್ತು, ಕಿತ್ತು ತೆಗೆದೆ. ಎಲ್ಲ ಮತ್ತೆ ಜೋಡಿಸುವಾಗಲೂ ಅಪ್ಪ ಅಲ್ಲಿಂದ “ಅದಲ್ಲ ಮಗಾ, ಅದರ ಕೆಳಗಿಂದು” ಎನ್ನುತ್ತಲೇ ಇದ್ದ. ಸ್ವಿಚ್ ಹಾಕಿದೆ. ನೀರು ಏರುವ ಸದ್ದಿಗೆ ಅಪ್ಪ ತಿರುಗಿ ನೋಡಿದ, ತಲೆಯಾಡಿಸಿದ, ಆಮೇಲೆ ಫೋನಿಗೆ ಹೇಳಿದ:

“ನನಗೂ ಗೊತ್ತಾಗ್ತಿಲ್ಲ ಕಣವ್ವ. ನಾನು ಪಂಪಿನೋನು. ಇರು, ನಿಮ್ಮಕ್ಕನಿಗೆ ಕೊಡ್ತೀನಿ. ಅವಳಿಗೆ ಇದೆಲ್ಲ ಚೆನ್ನಾಗಿ ಗೊತ್ತು.”

ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಂಡು ಫೋನ್ ತೆಗೆದುಕೊಂಡೆ. ಪರದೆಯಲ್ಲಿ ತಂಗಿಯ ಮೂಗಿನ ಮೇಲೆ ಮಸಿ.

“ಅಕ್ಕಾ, ಏನ್ ಮಾಡ್ಲಿ ಹೇಳು.”

“ಕೆಳಗಡೆ ಬಟ್ಟಲು ಥರ ಇದೆಯಲ್ಲ, ಅದನ್ನ ತೋರ್ಸು. ಒಳಗೆ ಒಂದು ತೇಲುಬುಂಡೆ ಇರತ್ತೆ, ಅದರ ಪಿನ್ನು ಸಿಕ್ಕಿಹಾಕ್ಕೊಂಡಿರ್ಬೇಕು. ಸ್ಕ್ರೂಡ್ರೈವರ್ ಹಿಡಿಯಿಂದ ಮೆತ್ತಗೆ ತಟ್ಟು.”

ಅವಳು ತಟ್ಟಿದಳು. “ಹೀಗಾ ಅಕ್ಕಾ?”

“ಇನ್ನೂ ಸ್ವಲ್ಪ ಪಕ್ಕಕ್ಕೆ.”

ಅಪ್ಪ ದೂರದಲ್ಲೇ ಎರಡು ನಿಮಿಷ ನಿಂತಿದ್ದ. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಬಂದು, ನನ್ನ ಭುಜಕ್ಕೆ ಭುಜ ತಾಗಿಸಿ ಪರದೆಯತ್ತ ಬಗ್ಗಿದ.

“ಸ್ವಲ್ಪ ಆ ಕಡೆ ಸರಿಯವ್ವ” ಎಂದ, “ನನಗೂ ಕಾಣ್ಲಿ.”